ಹೊಸ ವಿಂಡೋಸ್, ಹಳೆಯ ದುಭಾಷಿ



ಕಂಪ್ಯೂಟರಿನ ವಿಷಯದಲ್ಲಿ ನಿಮಗೆ ನಾಲ್ಕು ಮಾತು ಹೇಳಹೊರಟರೆ ನೀವು ಮುಸಿಮುಸಿ ನಗುತ್ತೀರಿ ಎಂಬುದು ನನಗೆ ಗೊತ್ತು. ನಿಮ್ಮಲ್ಲಿ ಅನೇಕರು ಆ ಕ್ಷೇತ್ರದಲ್ಲೇ ದುಡಿಯುವವರು. ನಾನೋ, ಇಂಗ್ಲಿಷ್ ವಿಷಯದಲ್ಲಿ ಬಿ.ಎ. ಮಾಡಿ, ಮದುವೆಯಾಗಿ 1992ರಲ್ಲಿ ಧಾರವಾಡದಿಂದ ಡೊಂಬಿವಲಿಗೆ ಬಂದು, ಅಂದಿನಿಂದ ಇಂದಿನವರೆಗೆ ಒಗ್ಗರಣೆ ಹಾಕುತ್ತ ಕುಳಿತ ಗೃಹಿಣಿ. ಆದರೂ ಈ ಲೇಖನ ಬರೆಯಲು ಕಾರಣವಿದೆ. ಹಬ್ಬಕ್ಕೆಂದು ಮನೆಗೆ ಬಂದ ನೀವು ತಂದೆತಾಯಿಯ ಕಂಪ್ಯೂಟರನ್ನು 'ಅಪ್‌ಗ್ರೇಡ್' ಮಾಡಿ, ರಾತ್ರಿಯ ಗಾಡಿ ಹಿಡಿದು ಹೊರಟುಹೋಗುತ್ತೀರಿ. ಆಮೇಲೆ ಇಂಟರ್ನೆಟ್ ನಿಂತರೆ ಆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನೀವು ನೋಡಿರುವುದಿಲ್ಲ. ನಾನು ನೋಡಿದ್ದೇನೆ.

ನಮ್ಮ ಮನೆಯ ಕಂಪ್ಯೂಟರು 2019ರಲ್ಲಿ ಕೊಂಡದ್ದು. ಅದರಲ್ಲಿದ್ದುದು ವಿಂಡೋಸ್ 10. 2015ರ ಜುಲೈ 29ರಂದು ಬಿಡುಗಡೆಯಾದ ಆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದೇ ತಿಂಗಳು ದೀಪಾವಳಿಗೆ ಬಂದ ಮಗ, "ಅಮ್ಮಾ, ಇನ್ನು ಇದನ್ನು ಹಾಗೇ ಇಟ್ಟುಕೊಳ್ಳುವುದು ಸುರಕ್ಷಿತವಲ್ಲ" ಎಂದು ಹೇಳಿ ವಿಂಡೋಸ್ 11 ಹಾಕಿದ. ಅವನು ಹೇಳಿದ್ದು ತಪ್ಪಲ್ಲ. ನಮ್ಮ ಯಂತ್ರಕ್ಕೆ ಅದಕ್ಕೆ ಬೇಕಾದ ಅರ್ಹತೆಯೂ ಇತ್ತು. ಅಪ್‌ಗ್ರೇಡ್ ಮುಗಿಯುವ ಹೊತ್ತಿಗೆ ಅವನ ರೈಲಿಗೆ ಒಂದೂವರೆ ಗಂಟೆ ಉಳಿದಿತ್ತು. ಪರದೆಯ ಮೇಲೆ ಹೊಸ ಚಿತ್ರ ಮೂಡಿದ್ದನ್ನು ನೋಡಿ ಸಂತೋಷದಿಂದ ಚೀಲ ಹೆಗಲಿಗೇರಿಸಿದ. ವೈ-ಫೈ ಚಿಹ್ನೆ ಮಾಯವಾಗಿದ್ದುದನ್ನು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಅದರಿಂದ ಅಷ್ಟೇನು ಮುಳುಗಿಹೋಯಿತು ಎಂದು ನೀವು ಕೇಳಬಹುದು. ನಾನು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಮೊದಲು ಒಂದು ಶಾಲೆಯ ಕೋಣೆಯಲ್ಲಿ ನಡೆಯುತ್ತಿದ್ದ ತರಗತಿ 2020ರ ಲಾಕ್‌ಡೌನ್‌ನಲ್ಲಿ ಮುಚ್ಚಿಹೋಯಿತು. ಕೆಲವು ತಿಂಗಳ ಮೇಲೆ ಅದನ್ನೇ ಕಂಪ್ಯೂಟರಿನ ಮೇಲೆ ಮತ್ತೆ ಕಟ್ಟಿಕೊಂಡೆ. ಕಲ್ಯಾಣ, ಬದ್ಲಾಪುರ, ಪನವೇಲ್‌ಗಳಿಂದ ಹನ್ನೊಂದು ಮಕ್ಕಳು ಕೂಡುತ್ತಾರೆ. ಐದು ವರ್ಷ ಕುಳಿತು ಮಾಡಿದ ಅಕ್ಷರಪಾಠಗಳೆಲ್ಲ ಆ ಯಂತ್ರದಲ್ಲೇ ಇವೆ. ಕನ್ನಡ ತರಗತಿ ಎಂಬುದು ಎಷ್ಟು ಸೂಕ್ಷ್ಮವಾದದ್ದು ಎಂದು ನಿಮಗೆ ಹೇಳಬೇಕೆ? ಎರಡು ವಾರ ತಪ್ಪಿದರೆ ಆ ಹೊತ್ತಿಗೆ ಈಜು, ಚಿತ್ರಕಲೆ, ಟ್ಯೂಶನ್ ಬಂದು ಕೂಡುತ್ತವೆ. ಹೋದ ಮಗು ಮತ್ತೆ ಬರುವುದು ಕಷ್ಟ.

ಮೊದಲ ಭಾನುವಾರ ಮೊಬೈಲಿನಲ್ಲೇ ಪಾಠ ಮಾಡಿದೆ. ನೋಟ್‌ಬುಕ್ಕಿನಲ್ಲಿ ಅಕ್ಷರ ಬರೆದು ಕ್ಯಾಮೆರಾದ ಮುಂದೆ ಹಿಡಿದೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಪುಟ್ಟ ಗೀಟಿನಷ್ಟೇ. ಅದು ಆ ಕಡೆ ಕಾಣಿಸಲೇ ಇಲ್ಲ. ಅರ್ಧ ಗಂಟೆಯಲ್ಲಿ ನಾಲ್ಕು ಮಕ್ಕಳು ಜಾರಿಕೊಂಡವು. ಎರಡನೆಯ ಭಾನುವಾರ ಬಂದವರು ಐದೇ ಜನ. ನಡುವೆ ರಿಪೇರಿ ಅಂಗಡಿಯೊಂದರವರು ಬಂದು ನೋಡಿ, "ಕಾರ್ಡ್ ಸತ್ತಿದೆ, ಹೊಸದು ಹಾಕಬೇಕು" ಎಂದು ತೀರ್ಪು ಕೊಟ್ಟು ಹೋದರು. ಮಗನಿಗೆ ಫೋನ್ ಮಾಡಿದರೆ, "ಅಮ್ಮಾ, ಅಲ್ಲಿ ರೈಟ್ ಕ್ಲಿಕ್ ಮಾಡು, ಅದಲ್ಲ, ಅದರ ಕೆಳಗಿನದು, ನನಗೆ ಮೀಟಿಂಗ್ ಇದೆ" ಎನ್ನುತ್ತಿದ್ದ. ಪಾಪ, ಅವನಿಗೂ ಕೆಲಸ.

ಕೊನೆಗೆ ನನ್ನ ಕೈಹಿಡಿದವಳು ಹಳೆಯ ವಿದ್ಯಾರ್ಥಿನಿಯೊಬ್ಬಳು. ಮೂರನೆಯ ಶನಿವಾರ ರಾತ್ರಿ ಫೋನ್ ಮಾಡಿ ಅವಳು ಹೇಳಿದ ಮೊದಲ ಮಾತು ಇದು: "ಆಂಟಿ, ಏನಾಗಿದೆ ಅಂತ ಹೇಳಬೇಡಿ. ಪರದೆ ಮೇಲೆ ಏನು ಬರೆದಿದೆಯೋ ಅದನ್ನು ಅಕ್ಷರ ಬಿಡದೆ ಓದಿ." ನನಗೆ ನಗು ಬಂತು. ಊಹಿಸಿ ಓದಬೇಡ, ಬರೆದದ್ದನ್ನು ಓದು ಎಂದು ಅವಳಿಗೆ ಎಷ್ಟೋ ಭಾನುವಾರ ನಾನೇ ಹೇಳಿದ್ದೆನಲ್ಲ!

ಅಂದು ರಾತ್ರಿಯೂ ಮರುದಿನವೂ ನಾನು ಕಲಿತದ್ದನ್ನು, ಆಮೇಲೆ ಓದಿ ತಿಳಿದುಕೊಂಡದ್ದನ್ನು ಕೂಡಿಸಿ, ಒಂದೊಂದಾಗಿ ಹೇಳುತ್ತೇನೆ.

ಡ್ರೈವರ್ ಎಂದರೆ ಯಾರು?

ಡ್ರೈವರ್ ಎಂದರೆ ಚಾಲಕ ಎಂದು ನಿಘಂಟು ಹೇಳುತ್ತದೆ. ನನಗೆ ಅದಕ್ಕಿಂತ 'ದುಭಾಷಿ' ಎಂಬ ಮಾತೇ ಸರಿಯೆನಿಸುತ್ತದೆ. ನಾನು ಡೊಂಬಿವಲಿಗೆ ಬಂದ ಹೊಸದರಲ್ಲಿ ಮರಾಠಿಯ ಗಂಧ ಇರಲಿಲ್ಲ. ಪಕ್ಕದ ಮನೆಯ ಬೆಳಗಾವಿ ಕಡೆಯ ವೈನಿಯೊಬ್ಬರು ನನ್ನ ಕನ್ನಡವನ್ನು ತರಕಾರಿಯವನಿಗೂ, ಅವನ ಮರಾಠಿಯನ್ನು ನನಗೂ ಮುಟ್ಟಿಸುತ್ತಿದ್ದರು. ತರಕಾರಿಯೂ ಇತ್ತು, ನನ್ನ ಕೈಯಲ್ಲಿ ದುಡ್ಡೂ ಇತ್ತು. ಆದರೆ ವೈನಿ ಊರಿಗೆ ಹೋದ ದಿನ ಮನೆಯಲ್ಲಿ ಬೇಳೆಯ ಸಾರೇ ಗತಿ.

ಕಂಪ್ಯೂಟರಿನ ಒಳಗಿನ ಕತೆಯೂ ಹೀಗೆಯೇ. ನೆಟ್‌ವರ್ಕ್ ಕಾರ್ಡ್ ಎಂಬುದು ತಂತಿಯಿಂದಲೋ ಗಾಳಿಯಿಂದಲೋ ಬರುವ ಸಂಕೇತಗಳನ್ನು ಹಿಡಿಯುವ ಬಿಡಿಭಾಗ. ವಿಂಡೋಸ್ ಎಂಬುದು ಯಜಮಾನ. ಇವರಿಬ್ಬರ ಮಾತು ಬೇರೆ ಬೇರೆ. ನಡುವೆ ನಿಂತು ಮಾತು ಮುಟ್ಟಿಸುವ ಸಣ್ಣ ತಂತ್ರಾಂಶವೇ ಡ್ರೈವರ್. ಯಜಮಾನ ಬದಲಾದಾಗ ಹಳೆಯ ದುಭಾಷಿಗೆ ಹೊಸಬರ ರೀತಿನೀತಿ ತಿಳಿಯದೆ ಹೋಗಬಹುದು. ಆಗ ಕಾರ್ಡ್ ಗಟ್ಟಿಮುಟ್ಟಾಗಿದ್ದರೂ, ಮನೆಗೆ ಇಂಟರ್ನೆಟ್ ಬರುತ್ತಿದ್ದರೂ, ಕಂಪ್ಯೂಟರಿಗೆ ಅದು ತಲುಪುವುದಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ. 'ಕಾರ್ಡ್ ಸತ್ತಿದೆ' ಎಂಬ ತೀರ್ಪನ್ನು ಒಪ್ಪುವ ಮೊದಲು ದುಭಾಷಿಯನ್ನು ವಿಚಾರಿಸಬೇಕು.

ಮೊದಲು ನೋಡಬೇಕಾದದ್ದು

ಮನೆಯ ಮೊಬೈಲುಗಳಿಗೆ ಅದೇ ವೈ-ಫೈ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ರೌಟರಿನ ಮೇಲೆ ಸಂಶಯ ಬೇಡ, ತೊಡಕು ಆ ಕಂಪ್ಯೂಟರಿನದೇ ಇರಬೇಕು. ಲ್ಯಾಪ್‌ಟಾಪ್ ಆದರೆ ಏರೋಪ್ಲೇನ್ ಮೋಡ್ ಒತ್ತಿಹೋಗಿದೆಯೇ ಎಂಬುದನ್ನೂ ನೋಡಿ. ಇದು ಸಣ್ಣ ವಿಷಯವೆಂದು ಬಿಡಬೇಡಿ.

ಆಮೇಲೆ 'ರೀಸ್ಟಾರ್ಟ್' ಮಾಡಿ. 'ಶಟ್‌ಡೌನ್' ಅಲ್ಲ. ಎರಡೂ ಒಂದೇ ಎಂದು ನಾನು ತಿಳಿದಿದ್ದೆ. ಬೇಗ ಏಳಲೆಂದು ವಿಂಡೋಸ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಎಂಬ ಅನುಕೂಲವಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗಲೂ ಒಳಗಿನ ಸ್ಥಿತಿಯ ಒಂದು ಭಾಗ ಹಾಗೆಯೇ ಉಳಿದಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. 2016ರ ಡಿಸೆಂಬರಿನಲ್ಲಿ ಯುರೋಪಿನ ಅನೇಕ ವಿಂಡೋಸ್ 10 ಬಳಕೆದಾರರಿಗೆ ಇಂಟರ್ನೆಟ್ ನಿಂತುಹೋದಾಗ ಮೈಕ್ರೋಸಾಫ್ಟ್ ಕೊಟ್ಟ ಮೊದಲ ಸಲಹೆ ಇದೇ: ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಅಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಅಲ್ಲಿ 'ನೆಟ್‌ವರ್ಕ್ ಅಡಾಪ್ಟರ್ಸ್' ಎಂಬ ಸಾಲಿನ ಕೆಳಗೆ ನಿಮ್ಮ ಕಾರ್ಡಿನ ಹೆಸರಿರುತ್ತದೆ. ಪಕ್ಕದಲ್ಲಿ ಹಳದಿ ತ್ರಿಕೋನವಿದ್ದರೆ ತೊಂದರೆ ಅಲ್ಲೇ ಎಂದು ತಿಳಿಯಿರಿ. ಹೆಸರೇ ಇಲ್ಲದಿದ್ದರೆ 'ಅದರ್ ಡಿವೈಸಸ್' ಎಂಬ ಸಾಲಿನಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂದು ಅನಾಥವಾಗಿ ಕುಳಿತಿರಬಹುದು. ಅದರ ಮೇಲೆ ಎರಡು ಸಲ ಒತ್ತಿದರೆ ಒಂದು ವಾಕ್ಯ, ಒಂದು ಸಂಖ್ಯೆ ಬರುತ್ತವೆ. ಅದನ್ನು ಅಕ್ಷರ ಬಿಡದೆ ಓದಬೇಕು. ಕೋಡ್ 22 ಎಂದರೆ ಯಾರೋ ಅದನ್ನು ನಿಷ್ಕ್ರಿಯಗೊಳಿಸಿದ್ದಾರೆ, 'ಎನೇಬಲ್' ಮಾಡಿದರೆ ಮುಗಿಯಿತು. ಕೋಡ್ 28 ಎಂದರೆ ಡ್ರೈವರೇ ಇಲ್ಲ. ಕೋಡ್ 10 ಎಂದರೆ ಸಾಧನ ಶುರುವಾಗುತ್ತಿಲ್ಲ. ಹೊಂದದ ಡ್ರೈವರಿನಿಂದ ಹೀಗಾಗುವುದುಂಟು. ನಮ್ಮದು ಕೋಡ್ 10. ಮೂರು ವಾರ ಆ ಸಂಖ್ಯೆ ಅಲ್ಲೇ ಇತ್ತು, ನಾವು ಯಾರೂ ಓದಿರಲಿಲ್ಲ.

ತ್ರಿಕೋನವಿಲ್ಲದೆ ಕಾರ್ಡ್ ನೆಟ್ಟಗಿದ್ದು ಇಂಟರ್ನೆಟ್ ಮಾತ್ರ ಬರದಿದ್ದರೆ ದಾರಿ ಬೇರೆ. ಆಗ 'ಕಮಾಂಡ್ ಪ್ರಾಂಪ್ಟ್'ನಲ್ಲಿ 'ಐಪಿಕಾನ್ಫಿಗ್' ಕೊಟ್ಟು ನಿಮ್ಮ ವಿಳಾಸ ನೋಡಿ. ಅದು 169.254 ಎಂದು ಆರಂಭವಾಗಿದ್ದರೆ ರೌಟರಿನಿಂದ ವಿಳಾಸ ಸಿಕ್ಕಿಲ್ಲ, ಕಂಪ್ಯೂಟರು ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ. ಅಂಥಲ್ಲಿ ಡ್ರೈವರ್ ಹುಡುಕಿ ರಾತ್ರಿ ಕಳೆಯುವ ಮೊದಲು ರೌಟರನ್ನೂ ಪಾಸ್‌ವರ್ಡನ್ನೂ ನೋಡುವುದು ಲೇಸು.

ನೀರಿಲ್ಲದೆ ಬಾವಿ ತೋಡುವುದು ಹೇಗೆ?

ಹೊಸ ಡ್ರೈವರ್ ಬೇಕು. ಅದು ಇಂಟರ್ನೆಟ್ಟಿನಲ್ಲಿದೆ. ಇಂಟರ್ನೆಟ್ ಬರಬೇಕಾದರೆ ಡ್ರೈವರ್ ಬೇಕು. 'ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು' ಎಂಬ ಸ್ಥಿತಿ ನಮ್ಮದು. ಕಂಪ್ಯೂಟರಿಗೆ ತಂತಿಯ ಕಿಂಡಿಯಿದ್ದರೆ ರೌಟರಿನಿಂದ ನೇರ ಒಂದು ಕೇಬಲ್ ಎಳೆದು ನೋಡಬಹುದು. ನಮ್ಮ ರೌಟರ್ ಹಾಲಿನ ಬಾಗಿಲ ಮೇಲೆ, ಕಂಪ್ಯೂಟರು ಒಳಕೋಣೆಯಲ್ಲಿ. ಅಷ್ಟುದ್ದದ ಕೇಬಲ್ ಇರಲಿಲ್ಲ.

ಆಗ ಆ ಹುಡುಗಿ ಹೇಳಿದ ಉಪಾಯ ನನ್ನ ಕಣ್ಣು ತೆರೆಸಿತು. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಚುಚ್ಚಿ, ಫೋನಿನ ಸೆಟ್ಟಿಂಗಿನಲ್ಲಿ 'ಯುಎಸ್‌ಬಿ ಟೆದರಿಂಗ್' ಒತ್ತಬೇಕು. ಆಗ ಫೋನೇ ಕಂಪ್ಯೂಟರಿಗೆ ಒಂದು ನೆಟ್‌ವರ್ಕ್ ಕಾರ್ಡಿನಂತೆ ಕಾಣುತ್ತದೆ. ಅದರ ಡ್ರೈವರ್ ಸಾಮಾನ್ಯವಾಗಿ ವಿಂಡೋಸ್‌ನಲ್ಲೇ ಇರುತ್ತದೆ. ಇಲ್ಲಿ ಎರಡು ಎಚ್ಚರ. ವೈ-ಫೈ 'ಹಾಟ್‌ಸ್ಪಾಟ್' ಬೇರೆ, ಇದು ಬೇರೆ. ಆ ಹಾಟ್‌ಸ್ಪಾಟ್ ಹಿಡಿಯಲು ಕೆಲಸ ಮಾಡುವ ವೈ-ಫೈ ಕಾರ್ಡ್ ಬೇಕು, ಟೆದರಿಂಗಿಗೆ ಬೇಡ. ಎರಡನೆಯದು, ಕೆಲವು ಅಗ್ಗದ ಕೇಬಲ್ಲುಗಳು ಬರೀ ಚಾರ್ಜ್ ಮಾಡುತ್ತವೆ, ಮಾಹಿತಿ ಸಾಗಿಸುವುದಿಲ್ಲ. ನಾನು ಮೊದಲು ಹಾಕಿದ್ದು ಅಂಥದೇ. ಫೋನಿನ ಜೊತೆ ಬಂದಿದ್ದ ಕೇಬಲ್ಲನ್ನು ಕಪಾಟಿನಿಂದ ಹುಡುಕಿ ತಂದು ಚುಚ್ಚಿದೆ. ಕಂಪ್ಯೂಟರಿಗೆ ಇಂಟರ್ನೆಟ್ ಬಂತು!

ಸಂತೋಷಕ್ಕಿಂತ ಹೆಚ್ಚು ನೋವಾಯಿತೆಂದರೆ ನಂಬುತ್ತೀರಾ? ಈ ಒಂದು ಮಾತು ಮೊದಲ ದಿನವೇ ಗೊತ್ತಿದ್ದರೆ ಒಂದು ಪಾಠವೂ ತಪ್ಪುತ್ತಿರಲಿಲ್ಲ. ಫೋನೂ ಮನೆಯಲ್ಲಿತ್ತು, ಕೇಬಲ್ಲೂ ಕಪಾಟಿನಲ್ಲಿತ್ತು.

ಸರಿಯಾದ ದುಭಾಷಿಯನ್ನು ಹುಡುಕುವುದು

ಇಂಟರ್ನೆಟ್ ಬಂದ ಮೇಲೆ ಮೊದಲು 'ವಿಂಡೋಸ್ ಅಪ್‌ಡೇಟ್'ನ 'ಆಪ್ಷನಲ್ ಅಪ್‌ಡೇಟ್ಸ್' ಒಳಗೆ ಡ್ರೈವರ್ ಇದೆಯೇ ನೋಡಿ. ಕೆಲವೊಮ್ಮೆ ಅಲ್ಲೇ ಸಿಗುತ್ತದೆ. ನಮಗೆ ಸಿಗಲಿಲ್ಲ. ಡಿವೈಸ್ ಮ್ಯಾನೇಜರಿನ 'ಡ್ರೈವರ್' ಪುಟದಲ್ಲಿ 'ರೋಲ್ ಬ್ಯಾಕ್' ಎಂಬ ಗುಂಡಿಯಿದೆ. ಹಳೆಯ ಡ್ರೈವರ್ ಉಳಿದಿದ್ದರೆ ಅದನ್ನೇ ಮರಳಿ ತರುತ್ತದೆ. ನಮ್ಮಲ್ಲಿ ಅದು ಮಂಕಾಗಿತ್ತು, ಒತ್ತಲು ಬರಲಿಲ್ಲ. 'ಅನ್‌ಇನ್‌ಸ್ಟಾಲ್' ಮಾಡಿ ಮತ್ತೆ 'ಸ್ಕ್ಯಾನ್' ಮಾಡುವುದೂ ಒಂದು ದಾರಿ. ಆದರೆ ಆಗ ಡ್ರೈವರನ್ನೂ ಅಳಿಸಲೇ ಎಂದು ಕೇಳುವ ಚೌಕಕ್ಕೆ, ಬದಲಿ ಡ್ರೈವರ್ ಕೈಯಲ್ಲಿಲ್ಲದೆ ಗುರುತು ಹಾಕಬೇಡಿ.

ಉಳಿದದ್ದು, ಕಾರ್ಡ್ ತಯಾರಿಸಿದ ಕಂಪನಿಯ ತಾಣದಿಂದ ಹೊಸ ಡ್ರೈವರ್ ತರುವುದು. ಇಲ್ಲಿ ನಾನು ಎಡವಿದೆ. 'ಲ್ಯಾನ್' ಎಂಬ ಹೆಸರು ನೋಡಿ ಮದರ್‌ಬೋರ್ಡಿನ ತಂತಿ ಕಿಂಡಿಯ ಡ್ರೈವರ್ ಇಳಿಸಿಕೊಂಡೆ. 'ಯಶಸ್ವಿಯಾಯಿತು' ಎಂಬ ಸಂದೇಶವೂ ಬಂತು. ಹಳದಿ ತ್ರಿಕೋನ ಮಾತ್ರ ಕದಲಲಿಲ್ಲ. ನಮಗೆ ಬೇಕಾದದ್ದು ವೈ-ಫೈ ಕಾರ್ಡಿನ ಡ್ರೈವರ್. ನಾನು ಕರೆತಂದದ್ದು ಪಕ್ಕದ ಮನೆಯ ದುಭಾಷಿಯನ್ನು. ಗಂಟೆ ಹನ್ನೊಂದಾಗಿತ್ತು. "ಆಂಟಿ, ನಾಳೆ ಟೆದರಿಂಗ್ ಮೇಲೆ ಪಾಠ ಮಾಡಿಬಿಡಿ, ಉಳಿದದ್ದು ಮಧ್ಯಾಹ್ನ ನೋಡೋಣ" ಎಂದಳು.

ಮರುದಿನ ಮಧ್ಯಾಹ್ನ ಅವಳು ಕಲಿಸಿದ್ದು 'ಹಾರ್ಡ್‌ವೇರ್ ಐಡಿ' ನೋಡುವುದನ್ನು. ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ 'ಡೀಟೇಲ್ಸ್' ಪುಟಕ್ಕೆ ಹೋಗಿ ಪಟ್ಟಿಯಿಂದ 'ಹಾರ್ಡ್‌ವೇರ್ ಐಡೀಸ್' ಆರಿಸಿದರೆ ಒಂದು ಉದ್ದನೆಯ ಸಾಲು ಬರುತ್ತದೆ. ನಮ್ಮದರಂತೆ ಯಂತ್ರದೊಳಗೆ ಕೂರಿಸಿದ ಕಾರ್ಡಾದರೆ ಅದರಲ್ಲಿ 'ವೆನ್' ಎಂಬುದರ ಮುಂದಿನ ನಾಲ್ಕು ಅಕ್ಷರಾಂಕಗಳು ತಯಾರಕರ ಗುರುತು, 'ಡೆವ್' ಎಂಬುದರ ಮುಂದಿನ ನಾಲ್ಕು ಆ ಮಾದರಿಯ ಗುರುತು. ಉದಾಹರಣೆಗೆ 8086 ಎಂದಿದ್ದರೆ ಅದು ಇಂಟೆಲ್. 1978ರಲ್ಲಿ ಆ ಕಂಪನಿ ಹೊರತಂದ ಪ್ರೊಸೆಸರಿನ ಹೆಸರೂ ಅದೇ. ಪೆಟ್ಟಿಗೆಯ ಮೇಲಿನ ಹೆಸರು ಮೋಸ ಮಾಡಬಹುದು, ಈ ಗುರುತು ಮಾಡುವುದು ತೀರ ಕಡಿಮೆ. ಅದನ್ನು ಹಿಡಿದು ತಯಾರಕರ ತಾಣದಲ್ಲಿ ವಿಂಡೋಸ್ 11ರ ಡ್ರೈವರ್ ಸಿಕ್ಕಿತು. ಹಾಕಿ ರೀಸ್ಟಾರ್ಟ್ ಮಾಡಿದೆ. ತ್ರಿಕೋನ ಹೋಯಿತು. ಮೂಲೆಯಲ್ಲಿ ವೈ-ಫೈ ಚಿಹ್ನೆ ಮೂಡಿತು. 'ಸತ್ತ' ಕಾರ್ಡು ಎದ್ದು ಕೂತಿತು. ಒಂದು ಪೈಸೆ ಖರ್ಚಾಗಲಿಲ್ಲ.

ನಿಮಗೆ ಒಂದು ಕಟ್ಟುನಿಟ್ಟಿನ ಮಾತು. ಹುಡುಕುವಾಗ 'ನಿಮ್ಮ ಎಲ್ಲ ಡ್ರೈವರುಗಳನ್ನೂ ಒಂದೇ ಕ್ಲಿಕ್ಕಿನಲ್ಲಿ ಸರಿಪಡಿಸುತ್ತೇವೆ' ಎನ್ನುವ ಅಪರಿಚಿತ ತಾಣಗಳು ಮೊದಲಿಗೇ ಎದುರಾಗುತ್ತವೆ. ಅಲ್ಲಿ ಕಾಲಿಡಬೇಡಿ. ಕಂಪ್ಯೂಟರ್ ತಯಾರಕರ, ಕಾರ್ಡ್ ತಯಾರಕರ ಅಥವಾ ವಿಂಡೋಸ್‌ನದೇ ಡ್ರೈವರ್ ಅಲ್ಲದೆ ಬೇರೆ ಬೇಡ. 'ನೆಟ್‌ವರ್ಕ್ ರೀಸೆಟ್' ಎಂಬ ಕೊನೆಯ ಅಸ್ತ್ರವೂ ಇದೆ. ಅದು ಉಳಿಸಿಟ್ಟ ವೈ-ಫೈ ಪಾಸ್‌ವರ್ಡುಗಳನ್ನೆಲ್ಲ ಅಳಿಸುತ್ತದೆ. ಬರೆದಿಟ್ಟುಕೊಂಡೇ ಒತ್ತಿ.

ತೊಂದರೆ ಹಳೆಯ ಯಂತ್ರಗಳದ್ದೇ ಎಂದೂ ತಿಳಿಯಬೇಡಿ. 2023ರ ಡಿಸೆಂಬರಿನಲ್ಲಿ ವಿಂಡೋಸ್ 11ರದೇ ಒಂದು ಅಪ್‌ಡೇಟಿನಿಂದ ಕೆಲವರ ವೈ-ಫೈ ನಿಂತಿತ್ತು. ಮುಖ್ಯವಾಗಿ ಕಚೇರಿ, ವಿಶ್ವವಿದ್ಯಾಲಯಗಳ ಜಾಲದಲ್ಲಿದ್ದವರಿಗೆ ಅದು ಕಾಡಿತು. ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ಹಿಂದೆಗೆದುಕೊಂಡಿತು. ನಿಮ್ಮಲ್ಲಿ ಹಾಸ್ಟೆಲಿನಲ್ಲಿರುವವರೂ ಇದನ್ನು ನೆನಪಿಡಿ.

ಕೋಟೆ ಸೂರೆಹೋಗುವ ಮೊದಲು

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಪ್ರಯೋಜನ? ವಿಂಡೋಸ್ 11ಕ್ಕೆ ಏರಿದ ಮೇಲೆ ಹಿಂದಿನ ವ್ಯವಸ್ಥೆಗೆ ಮರಳಲು ಸಾಮಾನ್ಯವಾಗಿ ಹತ್ತು ದಿನಗಳ ಅವಕಾಶವಿದೆ. 'ಸೆಟ್ಟಿಂಗ್ಸ್', 'ಸಿಸ್ಟಮ್', 'ರಿಕವರಿ' ಎಂದು ಹೋದರೆ 'ಗೋ ಬ್ಯಾಕ್' ಇರುತ್ತದೆ. ಅದು ನನಗೆ ತಿಳಿಯುವ ಹೊತ್ತಿಗೆ ಹತ್ತು ದಿನ ಕಳೆದಿತ್ತು. ಇದರಲ್ಲಿ ಯಾರನ್ನು ದೂರಲಿ? ತಯಾರಿಯಿಲ್ಲದೆ ಹೊರಟವರು ನಾವು.

ಆದ್ದರಿಂದ ಮುಂದಿನ ಹಬ್ಬಕ್ಕೆ ಮನೆಗೆ ಹೋದಾಗ ಹೀಗೆ ಮಾಡಿ. ಅಪ್‌ಗ್ರೇಡ್‌ಗೆ ಮೊದಲು ನೆಟ್‌ವರ್ಕ್ ಕಾರ್ಡಿನ ಹೆಸರನ್ನೂ ಹಾರ್ಡ್‌ವೇರ್ ಐಡಿಯನ್ನೂ ಕಾಗದದಲ್ಲಿ ಬರೆದುಕೊಳ್ಳಿ. ಹೊಸ ವ್ಯವಸ್ಥೆಯ ಡ್ರೈವರನ್ನು ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿಡಿ. ಹೊರಡುವ ದಿನ ಈ ಕೆಲಸ ಬೇಡ, ಬಂದ ದಿನವೇ ಮಾಡಿ. ಎರಡು ದಿನ ನಿಮ್ಮ ಕಣ್ಣೆದುರು ನಡೆಯಲಿ. ತೊಂದರೆ ಬಂದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ. ಅಡುಗೆಯಲ್ಲೂ ಅಷ್ಟೇ, ಉಪ್ಪು, ಹುಳಿ, ಬೆಲ್ಲ ಒಟ್ಟಿಗೇ ಸುರಿದರೆ ಸಾರು ಕೆಟ್ಟದ್ದು ಯಾವುದರಿಂದ ಎಂದು ಹೇಳುವವರಾರು?

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಮೌಸನ್ನು ತಾಯಿಯ ಕೈಯಿಂದ ಕಸಿದುಕೊಳ್ಳಬೇಡಿ. ನೀವು ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ಅವರ ಕೈಯಿಂದಲೇ ಮಾಡಿಸಿ. ಆ ಹುಡುಗಿ ಫೋನಿನಲ್ಲಿ ಎರಡು ದಿನಕ್ಕೆ ಸೇರಿ ಮೂರು ಗಂಟೆ ಕಳೆದಳು. ನೀವೇ ಮಾಡಿದರೆ ಇಪ್ಪತ್ತು ನಿಮಿಷದ ಕೆಲಸ. ಆದರೆ ಅವಳ ಮೂರು ಗಂಟೆ ನನ್ನಲ್ಲಿ ಉಳಿದಿದೆ. ಮಗನಿಗೂ ಈಗ ಹೇಳಿದ್ದೇನೆ. "ಮುಂದಿನ ಸಲ ನೀನು ಹೇಳು, ನಾನು ಒತ್ತುತ್ತೇನೆ" ಎಂದೆ. ನಕ್ಕು ಒಪ್ಪಿಕೊಂಡ.

ನಮ್ಮ ಕಪಾಟಿನ ಬಾಗಿಲ ಒಳಗೆ ಈಗ ಒಂದು ಕಾಗದ ಅಂಟಿಸಿದ್ದೇನೆ. ಕಾರ್ಡಿನ ಗುರುತು, ಮಾಡಬೇಕಾದ ಕೆಲಸಗಳ ಕ್ರಮ, ಯಾವ ಕೇಬಲ್ ಎಂಬುದು, ಎಲ್ಲ ಕನ್ನಡದಲ್ಲೇ ಇದೆ. ಪೆನ್‌ಡ್ರೈವನ್ನು ಅದರ ಪಕ್ಕದಲ್ಲೇ ದಾರ ಕಟ್ಟಿ ತೂಗುಹಾಕಿದ್ದೇನೆ.

ಟೆದರಿಂಗ್ ಮೇಲೆ ನಡೆದ ಆ ಭಾನುವಾರದ ತರಗತಿಗೆ ಏಳು ಮಕ್ಕಳು ಬಂದಿದ್ದರು. ಉಳಿದವರ ಮನೆಗೆ ನಾನೇ ಫೋನ್ ಮಾಡಿದೆ. ಮುಂದಿನ ವಾರ ಒಂಬತ್ತಾಯಿತು. ಇಬ್ಬರು ಈಜಿಗೆ ಸೇರಿಬಿಟ್ಟಿದ್ದಾರೆ, ಅವರನ್ನು ಇನ್ನೂ ಕರೆಯುತ್ತಿದ್ದೇನೆ. ಅಂದು ಪರದೆಯ ಮೇಲೆ ದೊಡ್ಡದಾಗಿ 'ಧ' ಬರೆದು ತೋರಿಸಿದಾಗ ಬದ್ಲಾಪುರದ ಪುಟ್ಟ ಹುಡುಗನೊಬ್ಬ ಕೂಗಿದ: "ಆಂಟಿ, ಈಗ ಕೆಳಗಿನ ಗೀಟು ಕಾಣಿಸ್ತು!"